ಸತ್ತ ದೊರೆಯ ಬಾಯಿ

ಇಂಕಾ ಸೀಮೆಯಲ್ಲಿ ದೊರೆ ಸತ್ತರೂ ದೊರೆತನ ಹೋಗುತ್ತಿರಲಿಲ್ಲ. ಅರಮನೆ, ಹೊಲ ಎಲ್ಲ ಅವನದೇ. ಹಬ್ಬ ಬಂದರೆ ಒಣಗಿಸಿಟ್ಟ ದೇಹವನ್ನು ಸಿಂಗರಿಸಿ ಕುಸ್ಕೋ ನಗರದ ಚೌಕದಲ್ಲಿ ಕೂರಿಸುತ್ತಿದ್ದರು. ಅವನ ಪರವಾಗಿ ಮಾತಾಡಲು ಒಬ್ಬ ಅಧಿಕಾರಿ. ಜನ ಆ ಅಧಿಕಾರಿಯನ್ನು ‘ದೊರೆಯ ಬಾಯಿ’ ಎನ್ನುತ್ತಿದ್ದರು. ದೊರೆ ಸತ್ತ ಮೇಲೆ ಆ ಬಾಯಿಗೆ ಹಸಿವು ಜಾಸ್ತಿಯಾಗಿತ್ತು.

ಒಂದು ಹಬ್ಬಕ್ಕೆ ಚಿಂಪು ಎಂಬ ಬಡ ಹೆಂಗಸು ತನ್ನ ಬಿಳಿ ಲಾಮಾ ಹೊಡೆದುಕೊಂಡು ಬಂದಳು. ಉಣ್ಣೆ ಕೊಡುವ, ಹೊರೆ ಹೊರುವ ಆ ಪ್ರಾಣಿಯೇ ಅವಳ ಬದುಕು. ಕಂಡದ್ದೇ ತಡ, ಅಧಿಕಾರಿ ಎದ್ದು ನಿಂತ.

“ಈ ಲಾಮಾ ಬೇಕೆಂದು ದೊರೆಗಳು ಈಗಷ್ಟೇ ನನ್ನ ಕಿವಿಯಲ್ಲಿ ಅಪ್ಪಣೆ ಕೊಟ್ಟರು.”

ಚಿಂಪು ತಲೆಬಾಗಿದಳು. “ಕೊಡುತ್ತಿದ್ದೆ ಸ್ವಾಮಿ. ಆದರೆ ಇದು ನಮ್ಮಜ್ಜನದು. ಅವನೂ ಸತ್ತು ಬೆಟ್ಟದ ಗವಿಯಲ್ಲಿ ಕೂತಿದ್ದಾನೆ. ಹೊರಡುವಾಗಲೇ ಹೇಳಿ ಕಳಿಸಿದ: ‘ಯಾರು ಕೇಳಿದರೂ ಕೊಡಬೇಡ. ಸತ್ತವರ ಲೋಕದಲ್ಲಿ ದೊರೆಗಳು ಈಗ ನನ್ನ ಪಕ್ಕದಲ್ಲೇ ಇದ್ದಾರೆ. ಬೇಕಿದ್ದರೆ ನನ್ನನ್ನೇ ಕೇಳುತ್ತಾರೆ.’”

ಅಧಿಕಾರಿ ಕೆಂಡವಾದ. “ಸತ್ತವರು ಎಲ್ಲಾದರೂ ಮಾತಾಡುತ್ತಾರೇನೇ?”

ಇಡೀ ಚೌಕವೇ ಅವನತ್ತ ತಿರುಗಿತು. ಚಿಂಪು ದೊರೆಯ ಕಡೆ ಕೈ ತೋರಿಸಿದಳು.

“ಅದನ್ನು ಅವರಿಗೂ ಒಂದು ಮಾತು ಹೇಳಿಬಿಡಿ ಸ್ವಾಮಿ.”

ಅವತ್ತು ಹಬ್ಬ ಮುಗಿಯುವವರೆಗೆ ದೊರೆಯ ಬಾಯಿ ದೊರೆಯಷ್ಟೇ ಸುಮ್ಮನಿತ್ತು.