ಧವಳಕ್ಕನ ಶುದ್ಧ ಗಂಟೆ

ಹುಣಸೆಕೆರೆಯ ಏರಿಯ ಮೇಲೆ, ಮಕ್ಕಳೇ, ಗುಡ್ಡಪ್ಪ ಎಂಬ ಕರಡಿಯ ಕುಲುಮೆಯಿತ್ತು. ಕೆರೆಯಂಚಿನ ಮರದಲ್ಲಿ ಧವಳಕ್ಕ ಎಂಬ ಕೊಕ್ಕರೆ ಗೂಡು ಕಟ್ಟಿದ್ದಳು. ಅವಳಿಗೆ ಮಡಿ ಜಾಸ್ತಿ. ಹಿಡಿದ ಮೀನನ್ನೂ ತೊಳೆದು ತೊಳೆದು, ಅದು ಕೊಕ್ಕಿನಿಂದ ಜಾರಿಹೋದ ಮೇಲೆ ನೀರನ್ನು ಬಯ್ಯುತ್ತಿದ್ದಳು.

ಆ ವರ್ಷ ಉಡದ ಕಾಟ ಹೆಚ್ಚಾಯಿತು. ತಾಯಂದಿರು ಮೇವಿಗೆ ಹೋದಾಗ ಅದು ಮರ ಹತ್ತಿ ಮರಿಗಳನ್ನು ನುಂಗುತ್ತಿತ್ತು. ಮರಕ್ಕೊಂದು ಗಂಟೆ ಕಟ್ಟುವುದು, ಉಡ ಕಂಡರೆ ಅಳಿಲು ಬಾರಿಸುವುದು ಎಂದು ಎಲ್ಲರೂ ಒಪ್ಪಿದರು. ಗುಡ್ಡಪ್ಪ ಬೆವರು ಸುರಿಸಿ ಕಂಚಿನ ಗಂಟೆ ಎರಕ ಹೊಯ್ದ.

ಧವಳಕ್ಕ ಕತ್ತು ಚಾಚಿ ನೋಡಿದಳು. "ಎಲ್ಲಿ ನೋಡಿದರೂ ಒಂದೇ ಬಣ್ಣ! ಅಪ್ಪಟ ಶುದ್ಧ ಲೋಹ, ಅಲ್ಲವೇ ಗುಡ್ಡಪ್ಪಣ್ಣ?"

ಸುಮ್ಮನೆ ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಏನು ಮಾಡುವುದು, ಗುಡ್ಡಪ್ಪನಿಗೆ ಸುಳ್ಳು ಬರುತ್ತಿರಲಿಲ್ಲ. "ಇಲ್ಲಮ್ಮ, ಇದು ಮಿಶ್ರಣ. ತಾಮ್ರಕ್ಕೆ ತವರ ಸೇರಿಸಿ ಕರಗಿಸಿದ್ದೀನಿ."

"ಬೆರಕೆಯೇ? ಅಕ್ಕಿಯಲ್ಲಿ ಕಲ್ಲು ಬೆರೆತರೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ತವರ ಎಲ್ಲಿದೆ, ತೋರಿಸು!"

"ಕಾಣದ ಹಾಗೆ ಸಮನಾಗಿ ಬೆರೆತಿದೆ. ಆದರೂ ಮಿಶ್ರಣವೇ."

"ಹಾಗಾದರೆ ಇದು ಕಲಬೆರಕೆ! ನನ್ನ ಮರಿಗಳ ತಲೆಯ ಮೇಲೆ ಇದು ತೂಗುವುದು ಬೇಡ. ಬರೀ ತಾಮ್ರದ್ದು ಮಾಡು."

"ಅಮ್ಮಾ ತಾಯಿ, ಬರೀ ತಾಮ್ರ ಮೆದು. ಬಡಿದರೆ ದಪ್ ಅನ್ನುತ್ತೆ, ಅಷ್ಟೇ. ತವರ ಸೇರಿದರೇನೇ ಗಟ್ಟಿಯಾಗೋದು, ನಾದ ಬರೋದು!"

ಗುಡ್ಡಪ್ಪ ಬೆಳಗ್ಗೆ ಹೇಳಿದ, ಸಂಜೆ ಹೇಳಿದ, ಗಂಟಲು ಹರಿದುಕೊಂಡ. ಕಲ್ಲಿಗೆ ಹೇಳಿದ್ದರೆ ಅದಾದರೂ ಸುಮ್ಮನೆ ಕೇಳುತ್ತಿತ್ತು. ಇವಳು "ಶುದ್ಧವೋ ಅಲ್ಲವೋ, ಒಂದೇ ಮಾತು ಹೇಳು" ಎಂದು ಅದೇ ರಾಗ ಎಳೆದಳು. ಕೊನೆಗೆ ಅವನು ತಲೆ ಚಿಟ್ಟುಹಿಡಿದು ತಾಮ್ರದ ಗಂಟೆಯನ್ನೇ ಮಾಡಿಕೊಟ್ಟ. "ಒಮ್ಮೆ ಬಾರಿಸಿಯಾದರೂ ನೋಡು" ಎಂದರೆ, ಹೊಳಪು ಕೆಡುತ್ತದೆಂದು ಅವಳು ಮುಟ್ಟಗೊಡಲಿಲ್ಲ. ಕಂಚಿನದು ಕುಲುಮೆಯ ಮೂಲೆ ಸೇರಿತು.

ಮರುದಿನವೇ ಉಡ ಬಂತು. ಧವಳಕ್ಕ ಆಚೆ ದಡದಲ್ಲಿ ಮೀನು ತೊಳೆಯುತ್ತಿದ್ದಳು. ಅಳಿಲು ಶಕ್ತಿಮೀರಿ ಗಂಟೆ ಬಡಿಯಿತು. ದಪ್! ದಪ್! ಆ ಸದ್ದು ಕೆರೆ ದಾಟಲೇ ಇಲ್ಲ.

ಏರಿಯ ಮೇಲಿದ್ದ ಗುಡ್ಡಪ್ಪನ ಕಣ್ಣಿಗೆ ಗೂಡಿನತ್ತ ತೆವಳುವ ಬಾಲ ಬಿತ್ತು. "ಇವಳ ಮಡಿಗಿಷ್ಟು ಬೆಂಕಿ ಹಾಕ!" ಎಂದು ಕೂಗಿ, ಮಸಿ ಹಿಡಿದ ಕಂಚಿನ ಗಂಟೆಯನ್ನು ಅದರ ಹಗ್ಗದಿಂದ ಎತ್ತಿಹಿಡಿದು ಸುತ್ತಿಗೆಯಿಂದ ಬಡಿದ.

ಢಣ್! ಢಣ್! ಕೆರೆಯೆಲ್ಲ ಮೊಳಗಿತು. ಧವಳಕ್ಕ ಮೀನು ಎಸೆದು ಹಾರಿಬಂದು, ಉಡದ ಮೂತಿಗೆ ಕುಕ್ಕಿ ಕೆಳಗೆ ಕೆಡವಿದಳು. ಕಿರಿಯ ಮರಿಯ ಪುಕ್ಕವೊಂದು ಅದರ ಬಾಯಲ್ಲೇ ಹೋಯಿತು. ಮರಿಗಳೆಲ್ಲ ಉಳಿದವು.

ಅವಳು ನೇರ ಕುಲುಮೆಗೆ ಬಂದಳು. "ಅಣ್ಣಾ, ಆ ಗಂಟೆ ಕೊಡು. ಆದರೆ... ಅದು ಬೆರಕೆಯೇ ತಾನೇ?"

ಗುಡ್ಡಪ್ಪ ಹಣೆ ಚಚ್ಚಿಕೊಂಡ. "ಬೆರಕೆಯೇ, ತಾಯಿ! ನಿನ್ನೆಯೂ ಬೆರಕೆ, ಇವತ್ತೂ ಬೆರಕೆ. ಅದಕ್ಕೇ ಅದು ಮೊಳಗಿದ್ದು, ನಿನ್ನ ಮಕ್ಕಳು ಗೂಡಲ್ಲಿರೋದು!"

ಧವಳಕ್ಕ ಗಂಟೆಯ ಮಸಿ ಮೆತ್ತಿದ ಹಗ್ಗವನ್ನು, ತೊಳೆಯದೆಯೇ, ಕೊಕ್ಕಿನಲ್ಲಿ ಕಚ್ಚಿ ಹಿಡಿದಳು.

ನೀತಿ: ಬೆರೆತದ್ದೆಲ್ಲ ಕಲಬೆರಕೆಯಲ್ಲ, ಶುದ್ಧವೋ ಮಿಶ್ರಣವೋ ಎಂದು ತಿಳಿದುಕೊಳ್ಳಿ, ಆದರೆ ಬೆಲೆ ಕಟ್ಟುವ ಮೊದಲು ಅದು ಮಾಡುವ ಕೆಲಸವನ್ನು ನೋಡಿ.