ಹೊಳೆಗೆ ಹಾಕಿದ ನಿಯಮ

ಹೊನ್ನಪ್ಪ ಅಂಬಿಗನ ಮಗಳನ್ನು ಹೊಳೆಯ ಆಚೆ ದಡಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ರಜೆಯಿಲ್ಲದೆ ಹಗಲೆಲ್ಲ ಅವಳಿಗೆ ಗೋಡಂಬಿ ಕಾರ್ಖಾನೆಯಲ್ಲಿ ಕೆಲಸ. ಅವಳು ಮನೆಗೆ ಬರುವ ಹೊತ್ತಿಗೆ ಇವನ ದೋಣಿ ನಿಂತಿರುತ್ತಿತ್ತು. ಸೂರ್ಯ ಮುಳುಗಿದ ಮೇಲೆ ದೋಣಿ ಬಿಡಬಾರದೆಂದು ಇಲಾಖೆ ನಿಯಮ ಮಾಡಿತ್ತು.

ವರ್ಷಗಳಿಂದ ಮಗಳ ಮುಖ ಕಾಣದ ಹೊನ್ನಪ್ಪ ಶಾಸಕರಲ್ಲಿ ಹೇಳಿಕೊಂಡ. "ನಿಯಮ ಅಧಿಕಾರಿಗಳದ್ದು ಮಾರಾಯ. ತೆಗೆಯೋದು ನಮ್ಮ ಕೈಲಿಲ್ಲ," ಎಂದರು ಅವರು.

ಒಂದು ದಿನ ಅದೇ ಶಾಸಕರು ಮುಸ್ಸಂಜೆಗೆ ದಡಕ್ಕೆ ಬಂದರು. ಹತ್ತಿರದಲ್ಲಿ ಸೇತುವೆಯಿಲ್ಲ. ಆಚೆ ಅವರ ತಾಯಿ ಕಾಯುತ್ತಿದ್ದರು.

"ದೋಣಿ ಬಿಡು. ನಾನು ಹೇಳ್ತಿದ್ದೇನೆ."

"ನಿಮ್ಮ ಕೈಲೇ ಇಲ್ಲದ್ದು ಅಂಬಿಗನ ಕೈಲಿ ಹೇಗಿದ್ದೀತು ಒಡೆಯಾ? ಕೂತ್ಕೊಳ್ಳಿ. ಇಲ್ಲಿಂದ ನಿಮ್ಮನೆ ದೀಪ ಚೆನ್ನಾಗಿ ಕಾಣ್ತದೆ. ಪಕ್ಕದ್ದು ನನ್ನ ಮಗಳದು."

ಶಾಸಕರು ಸಿಟ್ಟಿನಲ್ಲೇ ಕೂತರು. ಆಚೆ ಯಾರೋ ಲಾಟೀನು ಹಿಡಿದು ದಡದವರೆಗೂ ಬಂದು, ನಿಂತು, ಮರಳಿ ಹೋದರು. ತಾಯಿಯೆಂದು ನಡಿಗೆಯಲ್ಲೇ ಗೊತ್ತಾಯಿತು. ಶಾಸಕರ ಸಿಟ್ಟು ಇಳಿಯಿತು.

"ದಿನಾ ಹೀಗೇ ಕೂರ್ತೀಯಾ?"

"ಮತ್ತೆಂತ ಮಾಡಲಿ?"

ಇಲಾಖೆಗಳ ನಿಯಮಗಳನ್ನು ಸದನವೇ ನೋಡಿ, ಬೇಡದ್ದನ್ನು ತೆಗೆಯಬೇಕೆಂದು ಮುಂದಿನ ಅಧಿವೇಶನದಲ್ಲಿ ಪಟ್ಟು ಹಿಡಿದವರು ಅವರೇ. ಕೊನೆಗೂ ಆ ನಿಯಮ ಹೋಯಿತು.

ಆ ಸಂಜೆ ಹೊನ್ನಪ್ಪ ಹೊಳೆ ದಾಟಿದ. "ಅಪ್ಪಾ, ಎಷ್ಟು ಸೊರಗಿದ್ದೀಯಲ್ಲ," ಎಂದಳು ಮಗಳು. ಅವನು ಅವಳ ತಲೆಯಲ್ಲಿ ಮೂಡಿದ್ದ ಬಿಳಿಕೂದಲನ್ನೇ ನೋಡುತ್ತ ನಿಂತ.