ಬಾಯಿ ಅಗಲವಾದ ಪೊಟರೆ

ಯಾವ ಪೊಟರೆ ಗೂಡಿಗೆ ತಕ್ಕುದೆಂದು ಹಕ್ಕಿಗಳಿಗೆ ಸಲಹೆ ಕೊಡುವುದು ಮರಕುಟಿಗನ ಕಸುಬು. ಮೊಟ್ಟೆಯಿಡುವ ಹೊತ್ತು ಹತ್ತಿರವಾದ ಮಂಗಟ್ಟೆ ಹಕ್ಕಿ ನಾಲ್ಕನೇ ಸಲ ಬಂದು ಕೇಳಿತು: "ಜಾಗ ಸಿಕ್ಕಿತೇ, ಸ್ವಾಮಿ?"

"ಒಂದಿದೆ ತಾಯಿ, ಆದರೆ ಬಾಯಿ ಅಗಲ. ಕುಂದಿರುವುದನ್ನು ತೋರಿಸಿದರೆ ನನ್ನ ಹೆಸರು ಕೆಡುತ್ತದೆ. ಇನ್ನೆಂಟು ದಿನ ಕೊಡಿ."

"ನಿಮ್ಮ ಹೆಸರು ಕಾದೀತು, ನನ್ನ ಮೊಟ್ಟೆ ಕಾಯುವುದಿಲ್ಲ. ತೋರಿಸಿ."

ಮರಕುಟಿಗ ತಲೆ ತಗ್ಗಿಸಿಕೊಂಡೇ ತೋರಿಸಿದ. ಮಂಗಟ್ಟೆ ಒಳಹೊಕ್ಕು, ಗಂಡು ತಂದುಕೊಟ್ಟ ಹಸಿಮಣ್ಣನ್ನು ಕೊಕ್ಕಿನಿಂದ ಮೆತ್ತುತ್ತ, ಆ ಅಗಲ ಬಾಯಿಯನ್ನು ಒಳಗಿನಿಂದಲೇ ಮುಚ್ಚುತ್ತ ಬಂತು. ಕೊನೆಗೆ ಉಳಿದದ್ದು ಕೊಕ್ಕು ತೂರುವಷ್ಟು ಸೀಳು. ಹಾವಿಗೂ ಜಗ್ಗದ ಆ ಗೋಡೆಯನ್ನು ನೋಡುತ್ತ ಮರಕುಟಿಗ ಕುಟ್ಟುವುದನ್ನೇ ಮರೆತು ಕೂತ.

ಅಲ್ಲಿಂದ ಅವನು ನೇರವಾಗಿ ಹಾರಿದ್ದು ತಿಂಗಳಿಂದ ಕಾಯುತ್ತಿದ್ದ ಗಿಳಿಯ ಬಳಿಗೆ.

"ಒಂದು ಪೊಟರೆಯಿದೆ, ತಳ ಒರಟು," ಎಂದ. "ಬನ್ನಿ, ನೋಡಿ."